ಅದಕ್ಕೆ ನೀರು ಹಾಕಬೇಡಿ

ಫೋನು ತೆರೆದರೆ ಆಗಾಗ ಕಣ್ಣಿಗೆ ಬೀಳುವ ಒಂದು ಬಗೆಯ ರೀಲ್ ಇದೆ. ಇಲಿಯ ಮೀಸೆ, ಮೊಲದ ಮೈ, ಅಳಿಲಿನ ಬಾಲ ಸೇರಿಸಿ ಹೊಲಿದಂತಿರುವ ಬೂದುಬಣ್ಣದ ಪ್ರಾಣಿಯೊಂದನ್ನು ಯಾರೋ ಸಿಂಕಿನಲ್ಲಿ ಕೂರಿಸುತ್ತಾರೆ. ಉಗುರುಬೆಚ್ಚಗಿನ ನೀರು ಬಿಡುತ್ತಾರೆ, ಮಕ್ಕಳ ಶಾಂಪೂ ಹಚ್ಚುತ್ತಾರೆ. ನೊರೆಯ ನಡುವೆ ಅದು ಅಲುಗಾಡದೆ ಕೂತಿರುತ್ತದೆ. ಹಿನ್ನೆಲೆಯಲ್ಲಿ ಇಂಪಾದ ಹಾಡು, ಕೆಳಗೆ ಸಾಲುಸಾಲು ಹೃದಯದ ಗುರುತು, ‘ಎಷ್ಟು ಎಂಜಾಯ್ ಮಾಡ್ತಿದೆ ನೋಡಿ’ ಎಂಬ ಮೆಚ್ಚುಗೆ. ಅದು ಎಂಜಾಯ್ ಮಾಡುತ್ತಿಲ್ಲ. ಹದ್ದಿನ ನೆರಳು ಬಿದ್ದಾಗ ಸಣ್ಣ ಪ್ರಾಣಿಗಳು ಏನು ಮಾಡುತ್ತವೋ ಅದನ್ನೇ ಮಾಡುತ್ತಿದೆ. ಹೆದರಿ ಮರಗಟ್ಟಿದೆ.

ಆ ಪ್ರಾಣಿಯ ಹೆಸರು ಚಿಂಚಿಲ್ಲಾ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳದ್ದು. ಈಗ ಬೆಂಗಳೂರಿನ ಫ್ಲಾಟುಗಳಲ್ಲೂ ಇದೆ. ನನ್ನ ಬಾಡಿಗೆ ಮನೆಯಲ್ಲೂ ಒಂದಿದೆ. ಜೊತೆಯಲ್ಲಿದ್ದ ಗೆಳತಿ ಕೆಲಸ ಸಿಕ್ಕಿ ಐರ್ಲೆಂಡಿಗೆ ಹೊರಟಾಗ ಕುಕ್ಕರು, ಪುಸ್ತಕದ ಕಪಾಟು, ಚಿಂಚಿಲ್ಲಾ ಮೂರೂ ನನ್ನ ಪಾಲಿಗೆ ಬಂದವು. ಅದರ ಹೆಸರು ಬೂದಿ. ಈ ಬರಹ ಬೂದಿಯ ಸ್ನಾನದ ಬಗ್ಗೆ. ಸಾಹಿತ್ಯದ ಪತ್ರಿಕೆಯಲ್ಲಿ ಇಲಿಯ ಸ್ನಾನವೇ ಎಂದು ಹುಬ್ಬೇರಿಸುವವರು ಸ್ವಲ್ಪ ತಾಳಬೇಕು. ಈ ಸ್ನಾನದಲ್ಲಿ ಆಗುತ್ತಿರುವ ಅನಾಹುತಕ್ಕೂ ನಾವು ಓದುವ, ಬರೆಯುವ ಭಾಷೆಗೂ ಸಂಬಂಧವಿದೆ ಎಂಬುದೇ ನನ್ನ ತಕರಾರು.

ನಾನು ಸಂಶೋಧನೆ ಮಾಡುತ್ತಿರುವುದು ಗಾದೆಗಳಲ್ಲಿ ಬರುವ ಪ್ರಾಣಿಗಳ ಮೇಲೆ. ನಾಲ್ಕು ವರ್ಷದಿಂದ ನಾಯಿಬಾಲ, ಎಮ್ಮೆಚರ್ಮ, ಕತ್ತೆಗಾನಗಳ ನಡುವೆಯೇ ಇದ್ದೇನೆ. ಹಾಗಾಗಿ ‘ಗಜಸ್ನಾನ’ ಎಂಬ ಮಾತು ನನಗೆ ಹಳೆಯ ಪರಿಚಯ. ಆನೆ ಹೊಳೆಯಲ್ಲಿ ಮಿಂದು ದಡಕ್ಕೆ ಬಂದ ಕೂಡಲೇ ಸೊಂಡಿಲಲ್ಲಿ ಮಣ್ಣು ಎತ್ತಿ ಮೈಮೇಲೆ ಎರಚಿಕೊಳ್ಳುತ್ತದೆ. ಮಿಂದದ್ದೆಲ್ಲ ವ್ಯರ್ಥವಾಯಿತು, ಆನೆಗೆ ಬುದ್ಧಿಯಿಲ್ಲ ಎಂದು ಸಂಸ್ಕೃತದ ಪಂಡಿತರು ಅದನ್ನೊಂದು ನ್ಯಾಯ ಮಾಡಿದರು. ಕನ್ನಡದಲ್ಲೂ ಅದು ಹಾಗೇ ನಿಂತಿತು. ಉಪದೇಶ ಕೇಳಿಯೂ ಕೆಟ್ಟ ದಾರಿ ಬಿಡದವನಿಗೆ, ಮಾಡಿದ ಕೆಲಸವನ್ನು ತಾನೇ ಕೆಡಿಸಿಕೊಳ್ಳುವವನಿಗೆ ಆ ಉಪಮೆ ಸಲ್ಲುತ್ತದೆ.

ಆದರೆ ಆನೆ ಏನು ಮಾಡುತ್ತಿದೆ? ಒದ್ದೆ ಚರ್ಮದ ಮೇಲೆ ಹಿಡಿದ ಮಣ್ಣಿನ ಪದರ ಬಿಸಿಲಿನಿಂದ ಕಾಯುತ್ತದೆ, ಕಚ್ಚುವ ನೊಣಗಳನ್ನು ತಡೆಯುತ್ತದೆ. ನೀರು ಸ್ನಾನದ ಅರ್ಧ, ಮಣ್ಣು ಇನ್ನರ್ಧ. ಪಂಡಿತರು ಮೊದಲರ್ಧ ನೋಡಿ ಸ್ನಾನ ಮುಗಿಯಿತೆಂದು ಮನೆಗೆ ಹೋದವರು. ದುಬಾರೆಯಲ್ಲಿ ಆನೆ ಮೀಯಿಸುವುದನ್ನು ನೋಡಲು, ಸಾಧ್ಯವಾದರೆ ಬೆನ್ನುಜ್ಜಲು ಜನ ಸಾಲುಗಟ್ಟುತ್ತಾರೆ. ಅದೇ ಆನೆ ಆಮೇಲೆ ಮಣ್ಣೆರಚಿಕೊಂಡರೆ ‘ಛೆ, ಮತ್ತೆ ಗಲೀಜು ಮಾಡ್ಕೊಳ್ತು’ ಎನ್ನುತ್ತಾರೆ. ಎಮ್ಮೆಯ ಕಥೆಯೂ ಇದೇ. ಎಮ್ಮೆಗೆ ಬೆವರಿನ ಗ್ರಂಥಿಗಳು ಕಡಿಮೆ. ಕೆಸರು ಅದರ ಮೈಯ ಬಿಸಿ ಇಳಿಸುವ ಉಪಾಯ. ನಮ್ಮ ಗಾದೆಯಲ್ಲಿ ಅದು ದಪ್ಪಚರ್ಮದ ಮಂದಬುದ್ಧಿ.

ನಮ್ಮ ‘ಶುಚಿ’ಗೆ ನೀರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆಯೆಂದರೆ ನೀರಿಲ್ಲದ ಶುಚಿಯನ್ನು ನಾವು ಕೊಳಕೆಂದೇ ಓದುತ್ತೇವೆ. ಆನೆ ದೊಡ್ಡದು, ಎಮ್ಮೆ ಗಟ್ಟಿ. ನಮ್ಮ ಓದು ತಪ್ಪಾದರೂ ಅವು ಬದುಕಿಕೊಳ್ಳುತ್ತವೆ. ಅರ್ಧ ಕಿಲೋ ತೂಗುವ ಚಿಂಚಿಲ್ಲಾ ಬದುಕುವುದಿಲ್ಲ.

ಯಾಕೆಂದು ತಿಳಿಯಲು ಅದರ ತುಪ್ಪಳವನ್ನೊಮ್ಮೆ ಬಿಡಿಸಿ ನೋಡಬೇಕು. ನಮ್ಮ ತಲೆಯಲ್ಲಿ ಒಂದು ರಂಧ್ರದಿಂದ ಒಂದೋ ಎರಡೋ ಕೂದಲು ಹೊರಡುತ್ತವೆ. ಚಿಂಚಿಲ್ಲಾದ ಮೈಮೇಲೆ ಒಂದೊಂದು ರಂಧ್ರದಿಂದ 50ಕ್ಕೂ ಹೆಚ್ಚು. ನೆಲದ ಮೇಲೆ ಬದುಕುವ ಪ್ರಾಣಿಗಳಲ್ಲಿ ಇಷ್ಟು ಒತ್ತಾದ ತುಪ್ಪಳ ಇನ್ನೊಂದಕ್ಕಿಲ್ಲ. ಊದಿದರೆ ಸಣ್ಣ ಗುಂಡಿ ಬಿದ್ದು ತಳದ ಚರ್ಮ ಕಾಣುತ್ತದೆ, ಊದುವುದು ನಿಲ್ಲಿಸಿದ ಕೂಡಲೇ ಮುಚ್ಚಿಕೊಳ್ಳುತ್ತದೆ. ಚಿಗಟಗಳಿಗೂ ಅದರೊಳಗೆ ಓಡಾಡಲು ಜಾಗ ಸಾಲದು. ಒಣ ಗಾಳಿಯ, ಕೊರೆಯುವ ರಾತ್ರಿಗಳ ಬೆಟ್ಟದಲ್ಲಿ ಅದು ಅತ್ಯುತ್ತಮ ಕಂಬಳಿ. ಆ ಕಂಬಳಿಯನ್ನು ನೆನೆಸಿದರೆ ಏನಾಗುತ್ತದೆಂದು ಒದ್ದೆ ಕರಿಕಂಬಳಿ ಹೆಗಲಿಗೆ ಹಾಕಿಕೊಂಡು ಗದ್ದೆಯಿಂದ ಬಂದವರಿಗೆ ಹೇಳಬೇಕಿಲ್ಲ. ಹೊರಗಿನಿಂದ ಒಣಗಿದಂತೆ ಕಂಡರೂ ಬುಡದಲ್ಲಿ ನೀರು ಗಂಟೆಗಟ್ಟಲೆ ನಿಲ್ಲುತ್ತದೆ. ಮೈ ತಣ್ಣಗಾಗುತ್ತದೆ. ತೇವ ಉಳಿದಲ್ಲಿ ಬೂಷ್ಟು ಹಿಡಿದು ಚರ್ಮದ ಸೋಂಕಾಗುತ್ತದೆ. ಶಾಂಪೂ ಆ ಚರ್ಮದ ಸಹಜ ಎಣ್ಣೆಯನ್ನೂ ಒಯ್ಯುತ್ತದೆ.

ಅದರ ಸ್ನಾನ ಬೇರೆ. ಜ್ವಾಲಾಮುಖಿಯ ಬೂದಿ, ಪ್ಯೂಮಿಸ್ ಕಲ್ಲಿನ ನುಣುಪಾದ ಪುಡಿ, ಇಂಥದರಲ್ಲಿ ಅದು ಹೊರಳುತ್ತದೆ. ಹೊರಳುವುದೆಂದರೆ ಸಾವಧಾನದ ಹೊರಳಾಟವಲ್ಲ. ಒಂದು ಕ್ಷಣ ಮೂಗಾಡಿಸಿ ನೋಡಿ, ಮರುಕ್ಷಣ ಬುಗುರಿಯಂತೆ ತಿರುಗಿ, ಬೆನ್ನು ಕೆಳಗಾಗಿ, ಮತ್ತೆ ಎದ್ದು, ಮತ್ತೆ ಬಿದ್ದು, ಕೋಣೆಯ ತುಂಬ ಬೂದಿ ಹಾರಿಸುತ್ತದೆ. ಆ ಸಣ್ಣ ಕಣಗಳು ತುಪ್ಪಳದ ಬುಡದವರೆಗೆ ಇಳಿದು ಎಣ್ಣೆ, ತೇವ ಎರಡನ್ನೂ ಹೀರುತ್ತವೆ. ಮೈ ಕೊಡವಿದಾಗ ಕೊಳೆ ಸಮೇತ ಹೊರಬೀಳುತ್ತವೆ. ಇದನ್ನು ಕಂಡು ನಗುವವರು ಊರಿನ ಅಂಗಳದ ಕೋಳಿಯನ್ನು ನೆನಪಿಸಿಕೊಳ್ಳಲಿ. ತುಮಕೂರು ಕಡೆಯ ನಮ್ಮ ಹಳ್ಳಿಯಲ್ಲಿ ಮಧ್ಯಾಹ್ನದ ಹೊತ್ತು ಕೋಳಿಗಳು ಹಿತ್ತಿಲ ಒಣಮಣ್ಣಿನಲ್ಲಿ ಗುಂಡಿ ತೋಡಿ ರೆಕ್ಕೆಯೊಳಗೆ ಮಣ್ಣು ತುಂಬಿಕೊಂಡು ಕೊಡವುತ್ತಿದ್ದವು. ಕೋಳಿಯನ್ನು ಹಿಡಿದು ಸೋಪು ಹಚ್ಚಬೇಕೆಂದು ನನ್ನ ಅಜ್ಜಿಗೆ ಒಂದು ದಿನವೂ ಅನಿಸಲಿಲ್ಲ. ಗಾದೆಗೆ ಸಿಗದ ತಿಳಿವಳಿಕೆ ಅಜ್ಜಿಯ ಹಿತ್ತಿಲಿನಲ್ಲಿತ್ತು.

ಪದಕ್ಕೆ ಕೊರತೆಯಿತ್ತೇ? ಇರಲಿಲ್ಲ. ಶೈವರಲ್ಲಿ ‘ಭಸ್ಮಸ್ನಾನ’ ಎಂಬ ಮಾತು ಬಹಳ ಹಳೆಯದು. ಪಾಶುಪತರು ದಿನಕ್ಕೆ ಮೂರು ಹೊತ್ತು ಬೂದಿಯಲ್ಲಿ ಮೀಯಬೇಕಿತ್ತು. ಅಂದರೆ ನೀರಿಲ್ಲದ ಸ್ನಾನವನ್ನು ಸ್ನಾನವೆಂದೇ ಕರೆಯಲು ನಮ್ಮ ಭಾಷೆಗೆ ಬರುತ್ತಿತ್ತು. ಮನುಷ್ಯನಿಗಾದರೆ ಅದು ವ್ರತ, ಪ್ರಾಣಿಗಾದರೆ ಗಲೀಜು. (ಪದ ಹೊಂದಿತೆಂದು ಯಾರೂ ವಿಭೂತಿ ಸುರಿಯಬೇಡಿ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.)

ಕಳೆದ ಮಳೆಗಾಲದಲ್ಲಿ ಪರಿಚಯದ ಹುಡುಗನೊಬ್ಬ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. ಡಿಗ್ರಿ ಓದುತ್ತಿರುವವನು, ಎರಡು ತಿಂಗಳ ಹಿಂದೆ ಪಾರ್ಟ್‌ಟೈಮ್ ಕೆಲಸದ ದುಡ್ಡು ಕೂಡಿಟ್ಟು ಚಿಂಚಿಲ್ಲಾ ತಂದಿದ್ದ. “ಅಕ್ಕಾ, ಅದು ನಡುಗ್ತಾ ಇದೆ. ಒಂಚೂರು ಬರ್ತೀರಾ?” ನಾನು ಹೋದಾಗ ಅದು ಟವೆಲಿನಲ್ಲಿ ಸುತ್ತಿಕೊಂಡು ಕೂತಿತ್ತು. ವಾಸನೆ ಬರುತ್ತಿತ್ತಂತೆ. ಮಾರಿದ ಅಂಗಡಿಯವರನ್ನು ಕೇಳಿದ್ದಾನೆ. “ವಾರಕ್ಕೊಂದ್ಸಲ ಸ್ನಾನ ಮಾಡ್ಸಿ, ಕ್ಲೀನಾಗಿರುತ್ತೆ” ಎಂದಿದ್ದಾರೆ. ಬಕೆಟ್ಟಿನಲ್ಲಿ ಬಿಸಿನೀರು ಬೆರೆಸಿ, ಶಾಂಪೂ ಹಾಕಿ, ಮೀಯಿಸಿ, ಒಣಗಲಿಲ್ಲವೆಂದು ಹೇರ್ ಡ್ರೈಯರ್ ಹಿಡಿದಿದ್ದಾನೆ. ಮೇಲಿನ ತುಪ್ಪಳ ಗರಿಗರಿಯಾಗಿತ್ತು. ಬೆರಳಿಟ್ಟು ಬಿಡಿಸಿದರೆ ಬುಡ ಹಸಿ. ಕಿವಿಗಳು ಕೆಂಪಗೆ ಸುಡುತ್ತಿದ್ದವು. ನಾಲ್ಕು ಕ್ಲಿನಿಕ್ಕುಗಳಿಗೆ ಫೋನ್ ಮಾಡಿದೆವು. ಎರಡು ಎತ್ತಲಿಲ್ಲ, ಇನ್ನೆರಡರಲ್ಲಿ ನಾಯಿ ಬೆಕ್ಕು ಮಾತ್ರ. ಬೆಳಗಿನ ಜಾವ ಅದು ಸತ್ತಿತು.

ಸಾವಿಗೆ ನೀರು ಕಾರಣವೋ, ಡ್ರೈಯರಿನ ಬಿಸಿಯೋ, ಭಯವೋ ಎಂದು ಯಾರೂ ಪರೀಕ್ಷಿಸಲಿಲ್ಲ. ಮೂರೂ ಹೊರಟದ್ದು ಅದೇ ಬಕೆಟ್ಟಿನಿಂದ. ಹುಡುಗ ಕ್ರೂರಿಯಲ್ಲ. ಅವನಷ್ಟು ಆಸ್ಥೆಯಿಂದ ಪ್ರಾಣಿ ಸಾಕುವವರನ್ನು ನಾನು ಹೆಚ್ಚು ಕಂಡಿಲ್ಲ. ನನಗೆ ಸಿಟ್ಟಿರುವುದು ಅಂಗಡಿಯ ಆ ಒಂದು ವಾಕ್ಯದ ಮೇಲೆ. ನಾಯಿಗೆ ಹೇಳುವ ಮಾತನ್ನೇ ಮೊಲಕ್ಕೂ, ಮೊಲಕ್ಕೆ ಹೇಳುವುದನ್ನೇ ಚಿಂಚಿಲ್ಲಾಕ್ಕೂ ಹೇಳಿ, ರಶೀದಿ ಹರಿದು ಕೊಟ್ಟು ಕಳಿಸುವ ವ್ಯಾಪಾರದ ಮೇಲೆ. ದುಬಾರಿ ಫೋನ್ ಮಾರುವವರು ನೀರು ತಾಗಿಸಬೇಡಿ ಎಂದು ಡಬ್ಬದ ಮೇಲೆ ಬರೆದಿರುತ್ತಾರೆ.

ಯಾರಾದರೂ ಅಕಸ್ಮಾತ್ ನೆನೆಸಿಬಿಟ್ಟರೆ ಮಾಡಬೇಕಾದ್ದು ಇಷ್ಟು. ಒಣ ಟವೆಲಿನಿಂದ ಉಜ್ಜದೆ ಒತ್ತಿ ನೀರು ತೆಗೆಯಿರಿ. ಟವೆಲ್ ಒದ್ದೆಯಾದರೆ ಬದಲಾಯಿಸಿ. ಫ್ಯಾನಿನ ಗಾಳಿ ಹೊಡೆಯದ, ಬೆಚ್ಚಗಿನ ಆದರೆ ಸೆಕೆಯಲ್ಲದ ಮೂಲೆಯಲ್ಲಿ ಇಡಿ. ಬಿಸಿಗಾಳಿ ಬೇಡ. ಒದ್ದೆ ಮೈಗೆ ಧೂಳು ಕೊಡಬೇಡಿ, ಅದು ಮುದ್ದೆಗಟ್ಟುತ್ತದೆ. ಬುಡದವರೆಗೆ ಒಣಗಿದ ಮೇಲೆ ಕೊಡಿ. ಮೂತ್ರವೋ ಭೇದಿಯೋ ತಾಗಿ ಒಂದು ಕಡೆ ಮಾತ್ರ ಅಂಟಾಗಿದ್ದರೆ ಅಷ್ಟು ಜಾಗವನ್ನು ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಭೇದಿಯಾಗಿದ್ದರೆ ಒರೆಸುವುದಕ್ಕಿಂತ ವೈದ್ಯರನ್ನು ಹುಡುಕುವುದು ತುರ್ತಿನದು.

ಇನ್ನು ವಾಸನೆ. ಆರೋಗ್ಯವಾಗಿರುವ ಚಿಂಚಿಲ್ಲಾದ ಮೈ ನಾರುವುದಿಲ್ಲ. ನಾರುವುದು ಪಂಜರ. ಮೂಲೆಯಲ್ಲಿ ಮೂತ್ರ ಇಂಗಿದ ಹಾಸು, ತೇವ ಹಿಡಿದ ಹುಲ್ಲು, ಗಾಳಿಯಾಡದ ಬಾಲ್ಕನಿ ನಾರುತ್ತವೆ. ಪ್ರಾಣಿಯನ್ನು ತೊಳೆಯುವುದು ಸುಲಭ, ಫೋಟೊಗೂ ಚೆಂದ. ಪಂಜರದ ತಟ್ಟೆಯನ್ನು ದಿನಾ ತೆಗೆದು ಒದ್ದೆಯಾದ ಹಾಸನ್ನು ಎಸೆದು, ವಾರಕ್ಕೊಮ್ಮೆ ಇಡೀ ತಟ್ಟೆಯನ್ನು ನೀರು ಬೆರೆಸಿದ ವಿನಿಗರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಇಡುವುದು ಯಾರ ರೀಲಿನಲ್ಲೂ ಬರುವುದಿಲ್ಲ. ಫಿನಾಯಿಲ್ ಬೇಡ, ಸುಗಂಧದ ಸ್ಪ್ರೇ ಬೇಡ. ನಮ್ಮ ಮೂಗಿಗೆ ‘ಕ್ಲೀನ್’ ಎನಿಸುವ ಆ ಘಾಟು ಅದರ ಪುಟ್ಟ ಶ್ವಾಸಕೋಶಕ್ಕೆ ಹಿಂಸೆ. ನೀರು ಬೇಕೇಬೇಕೆಂಬ ಹಠವಿರುವವರಿಗೆ ಹೇಳುತ್ತೇನೆ. ಸುರಿಯಿರಿ, ತಟ್ಟೆಯ ಮೇಲೆ ಧಾರಾಳವಾಗಿ ಸುರಿಯಿರಿ.

ಮನೆಗೆ ಬಂದವರ ಅಸಹ್ಯಕ್ಕೆ ಇನ್ನೂ ಎರಡು ಗುರಿಗಳಿವೆ. ಒಂದು ಹಲ್ಲು. ಬೂದಿ ಬಾಯಿ ತೆರೆದಾಗ ಮುಂದಿನ ಹಲ್ಲುಗಳು ಕಿತ್ತಳೆ ಬಣ್ಣ. ಓನರ್ ಆಂಟಿ ನೋಡಿದವರೇ “ಪಾಪ, ಹಲ್ಲುಜ್ಜಲ್ವಾ ಅದಕ್ಕೆ?” ಎಂದರು. ಆರೋಗ್ಯವಂತ ಚಿಂಚಿಲ್ಲಾದ ಹಲ್ಲು ಹಳದಿಯಿಂದ ಕಿತ್ತಳೆಯವರೆಗೆ ಇರಬೇಕು. ಬೆಳ್ಳಗಾದರೆ ಕ್ಯಾಲ್ಸಿಯಂ ಕೊರತೆಯ ಅನುಮಾನ. ಟೂತ್‌ಪೇಸ್ಟ್ ಜಾಹೀರಾತು ಕಲಿಸಿದ ಪಾಠ ಇಲ್ಲಿ ಪೂರ್ತಿ ತಲೆಕೆಳಗು. ಇನ್ನೊಂದು, ಅದು ತನ್ನದೇ ಹಿಕ್ಕೆಯಲ್ಲಿ ಮೆತ್ತಗಿನದನ್ನು ನೇರವಾಗಿ ಬಾಯಿಂದ ತೆಗೆದುಕೊಂಡು ತಿನ್ನುತ್ತದೆ. ಒಣಹುಲ್ಲಿನ ಸಾರ ಒಂದೇ ಸುತ್ತಿಗೆ ಮೈಗೆ ಹತ್ತುವುದಿಲ್ಲ, ಎರಡನೇ ಸುತ್ತು ಬೇಕು. ಹಸು ಮೆಲುಕು ಹಾಕಿದರೆ ಶಾಂತಿಯ ಪ್ರತಿಮೆ ಎಂದು ಕವಿತೆಯಲ್ಲಿ ತರುತ್ತೇವೆ. ಬೂದಿ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸವನ್ನು ಇನ್ನೊಂದು ದಾರಿಯಿಂದ. ನಿಜವಾಗಿ ಚಿಂತಿಸಬೇಕಾದ ‘ಕೊಳೆ’ಯನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಗಲ್ಲದ ಕೆಳಗಿನ ತುಪ್ಪಳ ಸದಾ ಒದ್ದೆಯಿದ್ದರೆ ಅದು ಜೊಲ್ಲು. ಒಳಗಿನ ದವಡೆ ಹಲ್ಲು ಬೆಳೆದು ಚುಚ್ಚುತ್ತಿರಬಹುದು. ಒರೆಸಿ ಚೊಕ್ಕ ಮಾಡಿಟ್ಟರೆ ರೋಗದ ಗುರುತನ್ನೇ ಅಳಿಸಿದಂತೆ. ಗಂಡಾದರೆ ಜನನಾಂಗದ ಸುತ್ತ ಉದುರಿದ ಕೂದಲು ಉಂಗುರದಂತೆ ಬಿಗಿದುಕೊಳ್ಳುವುದುಂಟು. ಅದನ್ನು ಆಗಾಗ ನೋಡಬೇಕು. ಮುಜುಗರಪಟ್ಟು ನೋಡದಿದ್ದರೆ ಅನುಭವಿಸುವುದು ಪ್ರಾಣಿ.

ಧೂಳೆಂದರೆ ಯಾವುದೋ ಧೂಳು ಎಂದುಕೊಂಡವರ ಮೇಲೂ ನನ್ನ ಜಗಳವಿದೆ. ನೀರಿನ ಭಕ್ತರಿಗಿಂತ ಇವರು ಕಡಿಮೆ ಅಪಾಯಕಾರಿಗಳೇನಲ್ಲ. ‘ನ್ಯಾಚುರಲ್ ಅಲ್ವಾ’ ಎಂದು ಕಟ್ಟಡದ ಕೆಳಗೆ ಬಿದ್ದ ಎಂ-ಸ್ಯಾಂಡ್ ತಂದು ಹಾಕುತ್ತಾರೆ. ಮರಳಿನ ಕಣ ದಪ್ಪ. ಎಣ್ಣೆ ಹೀರುವುದಿಲ್ಲ, ತುಪ್ಪಳವನ್ನು ಕತ್ತರಿಸುತ್ತದೆ, ಕಣ್ಣು ಗೀರುತ್ತದೆ. ಟಾಲ್ಕಂ ಪೌಡರ್ ಶ್ವಾಸಕೋಶಕ್ಕೆ ಕೆಟ್ಟದ್ದು. ಕಾರ್ನ್‌ಫ್ಲೋರ್ ತೇವ ಕಂಡ ಕೂಡಲೇ ಅಂಟಾಗುತ್ತದೆ. ರಂಗೋಲಿ ಪುಡಿ ಬರೀ ಕಲ್ಲಿನ ಪುಡಿ. ಒಲೆಬೂದಿಗೂ ಜ್ವಾಲಾಮುಖಿಯ ಬೂದಿಗೂ ಕನ್ನಡದಲ್ಲಿ ಹೆಸರು ಒಂದೇ ಇರಬಹುದು, ವಸ್ತು ಒಂದೇ ಅಲ್ಲ. ಒಲೆಬೂದಿ ಕ್ಷಾರ. ಅದರಿಂದ ಪಾತ್ರೆಯ ಜಿಡ್ಡು ಹೋಗುತ್ತದೆ, ಚರ್ಮ ಉರಿಯುತ್ತದೆ. ಸಗಣಿ ಸುಟ್ಟ, ಪರಿಮಳ ಬೆರೆಸಿದ ವಿಭೂತಿಯೂ ಇದೇ ಕಾರಣಕ್ಕೆ ಬೇಡ. ಚಿಂಚಿಲ್ಲಾಕ್ಕೆಂದೇ ಮಾರುವ ಪುಡಿ ಸಿಗುತ್ತದೆ, ಹೆಚ್ಚಾಗಿ ಆನ್‌ಲೈನಿನಲ್ಲಿ. ಅಗ್ಗವಲ್ಲ. ನನ್ನ ಫೆಲೋಶಿಪ್ ಮೂರು ತಿಂಗಳಿಗೊಮ್ಮೆ, ಕೆಲವೊಮ್ಮೆ ಆರು ತಿಂಗಳಿಗೊಮ್ಮೆ ಬರುವುದರಿಂದ ಈ ಖರ್ಚಿನ ಬಿಸಿ ನನಗೆ ಚೆನ್ನಾಗಿ ಗೊತ್ತು. ಹಾಗೆಂದು ಅದಕ್ಕೆ ಬದಲಿ ಇಲ್ಲ.

ಕೊಡುವ ರೀತಿಯಲ್ಲೂ ಹದವಿದೆ. ಅದು ಎಚ್ಚರವಾಗುವ ಸಂಜೆಯ ಹೊತ್ತು, ಮಗುಚದ ಭಾರದ ಬಟ್ಟಲಿನಲ್ಲಿ ಎರಡು ಬೆರಳು ಆಳದ ಪುಡಿ, ಹತ್ತು ಹದಿನೈದು ನಿಮಿಷ, ವಾರಕ್ಕೆ ಎರಡು ಮೂರು ಬಾರಿ. ಆಮೇಲೆ ಬಟ್ಟಲನ್ನು ಹೊರಗೆ ತೆಗೆಯಬೇಕು. ಅಲ್ಲೇ ಬಿಟ್ಟರೆ ಅದನ್ನೇ ಕಕ್ಕಸು ಮಾಡಿಕೊಳ್ಳುತ್ತದೆ, ಅದೇ ಪುಡಿಯಲ್ಲಿ ಮತ್ತೆ ಹೊರಳುತ್ತದೆ. ಹಿಕ್ಕೆಯನ್ನು ಜರಡಿ ಹಿಡಿದು ತೆಗೆದರೆ ಪುಡಿ ಕೆಲವು ಸಲಕ್ಕೆ ಬರುತ್ತದೆ, ಉಂಡೆಗಟ್ಟಲು ಶುರುವಾದರೆ ಎಸೆಯಬೇಕು. ಅತಿಯಾದರೆ ಚರ್ಮ ಒಣಗಿ ಹೊಟ್ಟೇಳುತ್ತದೆ, ಕಣ್ಣಲ್ಲಿ ನೀರು ಸೋರುತ್ತದೆ. ಆಗ ದಿನ ಕಡಿಮೆ ಮಾಡಿ. ಕಣ್ಣಿನ ಸೋಂಕು, ಉಸಿರಾಟದ ತೊಂದರೆ, ಆಪರೇಷನ್ನಿನ ಗಾಯ ಇದ್ದಾಗ ಧೂಳೂ ಬೇಡ. ಮಳೆಗಾಲದಲ್ಲಿ ಬೆಂಗಳೂರಿನ ಗಾಳಿಯೇ ಹಸಿಯಾಗಿ ತುಪ್ಪಳ ಗಂಟುಗಂಟಾದಾಗ ಮಾತ್ರ ಬಾರಿ ಹೆಚ್ಚಿಸಬೇಕಾಗುತ್ತದೆ. ಇದನ್ನು ಯಾವ ಪಟ್ಟಿಯೂ ಹೇಳಿಕೊಡುವುದಿಲ್ಲ, ಮೈ ಮುಟ್ಟಿ ನೋಡಬೇಕು.

ಇಲ್ಲಿಂದ ನನ್ನ ಮಾತು ಸಾಕಿರುವವರಿಗಿಂತ ಸಾಕಲು ಹೊರಟವರ ಕಡೆಗೆ. ಚಿಂಚಿಲ್ಲಾದ ಸ್ವಚ್ಛತೆಯ ಮೊದಲ ಸಾಮಗ್ರಿ ಪುಡಿಯಲ್ಲ, ಗಾಳಿ. ಒಣಗಿದ, ತಣ್ಣನೆಯ ಗಾಳಿ. 15ರಿಂದ 21 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. 27 ದಾಟಿದರೆ, ಜೊತೆಗೆ ತೇವವೂ ಇದ್ದರೆ, ಬಿಸಿಗೆ ಕುಸಿದು ಬೀಳಬಹುದು. ಅದು ನಮ್ಮಂತೆ ಬೆವರುವುದಿಲ್ಲ. ಮೈಯ ಬಿಸಿ ಹೊರಹಾಕಲು ಅದಕ್ಕಿರುವುದು ಮುಖ್ಯವಾಗಿ ಆ ತೆಳು ಕಿವಿಗಳು. ಏಪ್ರಿಲ್ಲಿನ ಬೆಂಗಳೂರು 34 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಮಂಗಳೂರು, ಉಡುಪಿ, ಕಾರವಾರದಲ್ಲಿ ತೇವ ವರ್ಷವಿಡೀ ಇರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯ ಮಾತು ಆಡಲೇಬೇಡಿ. ನಾನು ಪಂಜರದಲ್ಲಿ ಅಡುಗೆಮನೆ ಕಟ್ಟೆಗೆ ಕತ್ತರಿಸಿ ಉಳಿದ ಗ್ರಾನೈಟ್ ತುಂಡೊಂದನ್ನು ಇಟ್ಟಿದ್ದೇನೆ, ಬೂದಿ ಅದರ ಮೇಲೆ ಹೊಟ್ಟೆ ಹಚ್ಚಿ ಮಲಗುತ್ತದೆ. ಆದರೆ ಕಲ್ಲು ಎಸಿಗೆ ಬದಲಿಯಲ್ಲ. ಮಾರ್ಚಿನಿಂದ ಮೇವರೆಗೆ ಆ ಕೋಣೆಯ ಎಸಿ ಹಗಲೂ ರಾತ್ರಿ ಓಡುತ್ತದೆ. ಕರೆಂಟು ಹೋದಾಗ ಐಸ್ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಂಜರಕ್ಕೆ ಒರಗಿಸುತ್ತೇನೆ. ‘ಇಲ್ಲಿನ ಹವೆಗೆ ಅಡ್ಜಸ್ಟ್ ಆಗುತ್ತೆ ಮೇಡಂ’ ಎಂದು ಅಂಗಡಿಗಳಲ್ಲಿ ಹೇಳುತ್ತಾರೆ. ಅಡ್ಜಸ್ಟ್ ಆಗುವುದಿಲ್ಲ. ಕಂಬಳಿ ಕಳಚಿಡುವ ವಿದ್ಯೆ ಅದಕ್ಕಿಲ್ಲ.

ಆ ಕಂಬಳಿಯ ಇತಿಹಾಸ ಅಂಗಡಿಯವರಿಗೆ ತಿಳಿದಿರಲಿಕ್ಕಿಲ್ಲ. ಅದೇ ತುಪ್ಪಳಕ್ಕಾಗಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಚಿಂಚಿಲ್ಲಾಗಳನ್ನು ಬೆಟ್ಟಬೆಟ್ಟಗಳಿಂದ ಬಳಿದು ತೆಗೆದರು. ಒಂದು ನಿಲುವಂಗಿಗೆ ನೂರಕ್ಕೂ ಹೆಚ್ಚು ಚರ್ಮ ಬೇಕಾಗುತ್ತಿತ್ತು. 1910ರಲ್ಲಿ ಚಿಲಿ, ಬೊಲಿವಿಯಾ, ಪೆರು, ಅರ್ಜೆಂಟೀನಾ ಸೇರಿ ಬೇಟೆ ನಿಷೇಧಿಸುವ ಒಪ್ಪಂದ ಮಾಡಿಕೊಳ್ಳುವ ಹೊತ್ತಿಗೆ ಹೆಚ್ಚಿನ ಕಡೆ ನಿಷೇಧಿಸಲು ಪ್ರಾಣಿಯೇ ಉಳಿದಿರಲಿಲ್ಲ. 1923ರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಅಮೆರಿಕದ ಗಣಿ ಎಂಜಿನಿಯರ್ 11 ಚಿಂಚಿಲ್ಲಾಗಳನ್ನು ಚಿಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ಒಯ್ದ. ಇಂದು ಮನೆಗಳಲ್ಲಿರುವ ಬಹುಪಾಲು ಚಿಂಚಿಲ್ಲಾಗಳ ವಂಶ ಆ ಹನ್ನೊಂದಕ್ಕೇ ಹೋಗಿ ಮುಟ್ಟುತ್ತದೆ. ಚಾಪ್‌ಮನ್ ಪ್ರಾಣಿಪ್ರಿಯನೇನಲ್ಲ, ತುಪ್ಪಳದ ಉದ್ಯಮ ಕಟ್ಟಲು ಹೊರಟವನು. ಅವನು ಕೂಡ ಅವನ್ನು ಎತ್ತರದಿಂದ ಒಮ್ಮೆಗೇ ಇಳಿಸಲಿಲ್ಲ, ಹಂತಹಂತವಾಗಿ ತಂದ. ಹಡಗಿನಲ್ಲಿ ಪಂಜರಗಳನ್ನು ತಂಪಾಗಿಡಲು ಐಸ್ ಇಟ್ಟ. ನೂರು ವರ್ಷದ ಹಿಂದಿನ ಚರ್ಮದ ವ್ಯಾಪಾರಿಗಿದ್ದ ಕಾಳಜಿಯಷ್ಟೂ ಇಂದಿನ ಮುದ್ದುಪ್ರಾಣಿಯ ವ್ಯಾಪಾರಿಗಿಲ್ಲ.

ಕಾಡಿನಲ್ಲಿ ಉಳಿದಿರುವ ಎರಡೂ ಪ್ರಭೇದಗಳು ಈಗ ಅಳಿವಿನ ಅಪಾಯದ ಪಟ್ಟಿಯಲ್ಲಿವೆ. ಚಿಲಿಯ ಇಯಾಪೆಲ್ ಪಟ್ಟಣದ ಹತ್ತಿರ 1983ರಿಂದ ಅವುಗಳ ಹೆಸರಿನದೇ ಒಂದು ರಾಷ್ಟ್ರೀಯ ಮೀಸಲು ಪ್ರದೇಶವಿದೆ. ಕಾಡಿನ ಚಿಂಚಿಲ್ಲಾ ಸೈಟೀಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ಸಾಕುತಳಿಗೆ ಅದರಿಂದ ವಿನಾಯಿತಿ. ನಮ್ಮ ದೇಶ 2017ರ ಜನವರಿಯಲ್ಲಿ ಮಿಂಕ್, ನರಿಗಳ ತುಪ್ಪಳದ ಜೊತೆ ಚಿಂಚಿಲ್ಲಾ ತುಪ್ಪಳದ ಆಮದನ್ನೂ ನಿಷೇಧಿಸಿತು. ಒಳ್ಳೆಯ ಕೆಲಸ. ಸತ್ತ ತುಪ್ಪಳ ಒಳಗೆ ಬರುವಂತಿಲ್ಲ. ಜೀವಂತ ತುಪ್ಪಳ ಬಕೆಟ್ಟಿನಲ್ಲಿ ಸಾಯುವುದರ ಬಗ್ಗೆ ಯಾರಿಗೂ ತಲೆಬಿಸಿಯಿಲ್ಲ.

ಇಷ್ಟನ್ನು ವಿಭಾಗದ ಗೆಳೆಯರೊಬ್ಬರಿಗೆ ಸೆಮಿನಾರಿನ ಚಹಾದ ಹೊತ್ತಿನಲ್ಲಿ ಹೇಳಿದೆ. ಅವರ ಕಣ್ಣರಳಿತು. “ಅದ್ಭುತ! ಮಡಿಯ ರಾಜಕಾರಣಕ್ಕೆ ಎಂಥಾ ರೂಪಕ ಇದು! ನೀರನ್ನು ನಿರಾಕರಿಸುವ ದೇಹ! ಇದರ ಮೇಲೊಂದು ಪೇಪರ್ ಮಾಡಿ.” ನನಗೆ ಸಿಟ್ಟು ಬಂತು. ಮಡಿಯ ಬಗ್ಗೆ ಬರೆಯಬೇಕಾದ್ದು ಬೇಕಾದಷ್ಟಿದೆ. ಅದನ್ನು ಅನುಭವಿಸಿದ ಮನುಷ್ಯರಿದ್ದಾರೆ, ಅವರ ಮಾತುಗಳಿವೆ. ಅದಕ್ಕೆ ಚಿಲಿಯ ದಂಶಕವೊಂದರ ಹಂಗು ಬೇಕಿಲ್ಲ. ಬೂದಿ ನೀರನ್ನು ‘ನಿರಾಕರಿಸು’ತ್ತಿಲ್ಲ. ಅದಕ್ಕೆ ಯಾವ ಸಿದ್ಧಾಂತವೂ ಇಲ್ಲ, ಒಣಗದ ತುಪ್ಪಳವಿದೆ. ಆನೆಯ ಮಣ್ಣನ್ನು ಅವಿವೇಕದ ಉಪಮೆ ಮಾಡಿದ ಪಂಡಿತರಿಗೂ ಇಲಿಯ ಧೂಳನ್ನು ಪ್ರತಿರೋಧದ ಉಪಮೆ ಮಾಡಹೊರಟ ನನ್ನ ಗೆಳೆಯರಿಗೂ ನಡುವೆ ಸಾವಿರ ವರ್ಷಗಳ ಅಂತರವಿರಬಹುದು. ಇಬ್ಬರೂ ಪ್ರಾಣಿಯನ್ನು ನೋಡಿದ್ದು ಉಪಮೆ ಸಿಗುವಷ್ಟು ಹೊತ್ತು. ರೀಲ್ ಮಾಡುವವರೂ ಅಷ್ಟೇ, ಅವರಿಗೆ ಮೂವತ್ತು ಸೆಕೆಂಡ್ ಸಾಕು. ಚಿಂಚಿಲ್ಲಾ ಹತ್ತರಿಂದ ಇಪ್ಪತ್ತು ವರ್ಷ ಬದುಕುತ್ತದೆ.

ಇನ್ನು ಕೆಲವರು, ಇವರೂ ಓದಿದವರೇ, ‘ಹಾಗಿದ್ದರೆ ಸಾಕುವುದೇ ತಪ್ಪು, ಬಿಟ್ಟುಬಿಡಿ’ ಎನ್ನುತ್ತಾರೆ. ಎಲ್ಲಿಗೆ? ಲಾಲ್‌ಬಾಗಿಗೆ? ನೂರು ವರ್ಷದಿಂದ ಪಂಜರದಲ್ಲೇ ಹುಟ್ಟಿ ಬಂದ ವಂಶವದು. ಬೆಂಗಳೂರಿನ ಬೀದಿಯಲ್ಲಿ ಒಂದು ರಾತ್ರಿ ಕಳೆಯಲಾರದು. ಹೊಸದಾಗಿ ತರಬೇಡಿ ಎಂಬುದನ್ನು ನಾನೂ ಒಪ್ಪುತ್ತೇನೆ, ಗಟ್ಟಿಯಾಗಿ ಹೇಳುತ್ತೇನೆ. ಇರುವುದನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಅದು ಉತ್ತರವಲ್ಲ. ಇರುವುದಕ್ಕೆ ಇವತ್ತು ಸಂಜೆಗೆ ಒಣಹುಲ್ಲು ಬೇಕು, ತಟ್ಟೆ ತೊಳೆಯಬೇಕು, ಪುಡಿಯ ಬಟ್ಟಲು ಇಡಬೇಕು. ಅದು ಹೊರಳುವಾಗ ಸುಮ್ಮನೆ ದೂರ ಕೂತಿರಬೇಕು. ಎತ್ತಿ ಮುದ್ದಾಡಲು ಹೋಗಿ ಗಬಕ್ಕನೆ ಹಿಡಿದರೆ ಹಿಡಿದಷ್ಟು ತುಪ್ಪಳ ಕೈಯಲ್ಲಿ ಬಿಟ್ಟು ಜಾರಿಕೊಳ್ಳುತ್ತದೆ. ಮತ್ತೆ ಬೆಳೆಯಲು ತಿಂಗಳುಗಳು ಬೇಕು.

ಅಂಗಡಿಗೆ ಹೋಗುವವರು ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಇದಕ್ಕೆ ಸ್ನಾನ ಹೇಗೆ? ಬೇಸಿಗೆಯಲ್ಲಿ ನಿಮ್ಮ ಅಂಗಡಿಯಲ್ಲಿ ಇದನ್ನು ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದಿರಿ? ಇದನ್ನು ನೋಡುವ ವೈದ್ಯರು ಈ ಊರಿನಲ್ಲಿ ಯಾರು? ಮೊದಲ ಪ್ರಶ್ನೆಗೆ ‘ವಾರಕ್ಕೊಂದ್ಸಲ ನೀರಲ್ಲಿ’ ಎಂಬ ಉತ್ತರ ಬಂದರೆ ಉಳಿದೆರಡನ್ನು ಕೇಳುವ ಅಗತ್ಯವಿಲ್ಲ. ಆದರೆ ಸುಮ್ಮನೆ ಎದ್ದು ಬರಬೇಡಿ. ಧೂಳಿನ ವಿಷಯ ಅವರಿಗೆ ಹೇಳಿ, ಅಲ್ಲಿ ನಿಂತಿರುವ ಇನ್ನೊಬ್ಬ ಗಿರಾಕಿಗೂ ಕೇಳುವ ಹಾಗೆ ಹೇಳಿ.